ತಾರಸಿಯ ಮೇಲೆ ಗೋಲಿ ಬಿಟ್ಟವರು

ಆ ನಾಲ್ಕು ಮನೆಗಳು ಉಳಿಯುವುದಿಲ್ಲ ಎಂದು ಮೊದಲು ಹೇಳಿದವರು ನನ್ನ ಮೇಲಧಿಕಾರಿ. ಘಟ್ಟದ ಮೇಲಿನಿಂದ ವರ್ಗವಾಗಿ ಬಂದವರು, ಕಚೇರಿಯಲ್ಲಿ ಎಲ್ಲರಿಗೂ ಸಾಹೇಬರು. “ಸೋರೋದು ಅದರ ಧರ್ಮ ಕಣ್ರೀ, ತಪ್ಪಿಸೋಕೆ ನೀವ್ಯಾರು?” ಎಂದು ಕಡತ ಮುಚ್ಚಿದ್ದರು. ಎರಡನೆಯದಾಗಿ ಹೇಳಿದವಳು ಉಚ್ಚಿಲದಲ್ಲಿ ಮೀನು ಮಾರುತ್ತಿದ್ದ ನನ್ನ ಅಮ್ಮ. ಅಮ್ಮ ಯಾವ ಸಂಗತಿಯನ್ನೂ ಆಗುತ್ತದೆ ಎಂದು ಹೇಳಿದವಳಲ್ಲ. ನಾನು ಎಸ್ಸೆಸ್ಸೆಲ್ಸಿ ಪಾಸಾಗುವುದಿಲ್ಲ ಎಂದಳು, ಇಂಜಿನಿಯರಿಂಗ್ ಸೀಟು ಸಿಗುವುದಿಲ್ಲ ಎಂದಳು, ಸಿಕ್ಕಿದ ಮೇಲೆ ಮುಗಿಯುವುದಿಲ್ಲ ಎಂದಳು. ಹಾಗೆ ಹೇಳಿಕೊಂಡೇ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಮನೆಮನೆ ತಿರುಗಿ ನನ್ನನ್ನು ಓದಿಸಿದಳು. ಮೂರನೆಯವನು ನಾನೇ. ಅವರಿಬ್ಬರು ಬಾಯಲ್ಲಿ ಹೇಳಿದ್ದನ್ನು ನಾನು ಬರವಣಿಗೆಯಲ್ಲಿ, ಸಹಿ ಹಾಕಿ ಕೊಟ್ಟಿದ್ದೆ.

ಆಗುತ್ತದೆ ಎಂದವರು ಒಬ್ಬರೇ. ಮೊನ್ನೆ ನಿವೃತ್ತಿಯ ದಿನ ಮೇಜಿನ ಡ್ರಾಯರ್ ಖಾಲಿ ಮಾಡುವಾಗ ಮೂಲೆಯಿಂದ ಒಂದು ಹಸಿರು ಗಾಜಿನ ಗೋಲಿ ಉರುಳಿಕೊಂಡು ಬಂತು. ಅದು ಅವರದ್ದು. ಅವರ ಬಗ್ಗೆ ನಾಲ್ಕು ಮಾತು ಬರೆಯದೆ ಸುಮ್ಮನೆ ಮನೆಗೆ ಹೋಗುವುದು ಸರಿಯಲ್ಲ ಅನ್ನಿಸಿತು.

ನಮ್ಮ ಕಡೆ ಕೊಂಕಣಿ ಮಾತಾಡುವ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದು ಕರೆಯುವುದು ವಾಡಿಕೆ. ಅವರನ್ನು ನಾನೂ ಹಾಗೆಯೇ ಕರೆದೆ, ಕೊನೆಯವರೆಗೂ. ಎಪ್ಪತ್ತರ ಹತ್ತಿರದ ವಯಸ್ಸು. ಮೊಣಕಾಲಿನವರೆಗೆ ಮಡಚಿದ ಪ್ಯಾಂಟು, ಅಂಗಿಯ ಕಾಲರಿಗೆ ಬೆನ್ನ ಹಿಂದೆ ನೇತುಹಾಕಿದ ಕೊಡೆ. ಬಜಗೋಳಿಯಿಂದ ಬೆಳಗ್ಗಿನ ಮೊದಲ ಬಸ್ಸಿಗೆ ಹೊರಟು, ಕಾರ್ಕಳದಲ್ಲಿ ಬಸ್ಸು ಬದಲಿಸಿ, ನಾವೆಲ್ಲ ಇನ್ನೂ ಹಲ್ಲುಜ್ಜುವ ಹೊತ್ತಿಗೆ ಕೆಲಸದ ಜಾಗದಲ್ಲಿರುತ್ತಿದ್ದರು. ಓದಿದ್ದು ಐದನೇ ಕ್ಲಾಸು. ಮೇಸ್ತ್ರಿಯಾಗಿ ಕಟ್ಟಿಸಿದ ಇಗರ್ಜಿ, ಶಾಲೆ, ಸೇತುವೆಗಳಿಗೆ ಲೆಕ್ಕವಿಲ್ಲ. ಒಂದರ ಕಲ್ಲಿನಲ್ಲೂ ಅವರ ಹೆಸರಿಲ್ಲ.

ಮನೆಗಳ ವಿಷಯ ಹೇಳುತ್ತೇನೆ. ಉಡುಪಿಯಿಂದ ಮಣಿಪಾಲಕ್ಕೆ ಏರುವ ರಸ್ತೆಯಿಂದ ಸ್ವಲ್ಪ ಒಳಗೆ, ಮುರಕಲ್ಲಿನ ಪದವಿನ, ಅಂದರೆ ಎತ್ತರದ ಬೋಳು ಬಯಲಿನ ಮೇಲೆ ಅವು ಸಾಲಾಗಿ ನಿಂತಿದ್ದವು. ಸ್ವಾತಂತ್ರ್ಯ ಬಂದ ಹೊಸದರಲ್ಲಿ, ಹೊಸ ದೇಶದ ಸಂಸಾರಗಳು ಹೇಗೆ ಬದುಕಬಹುದು ಎಂದು ಜನರಿಗೆ ತೋರಿಸಲಿಕ್ಕೆ ಸರಕಾರ ಕಟ್ಟಿಸಿದ ಮಾದರಿ ಮನೆಗಳು. ಬೊಂಬಾಯಿಯಿಂದ ಬಂದವರೊಬ್ಬರು ನಕ್ಷೆ ಹಾಕಿದ್ದಂತೆ. ಇಳಿಜಾರಿನ ಹೆಂಚಿನ ಮಾಡಿನ ಬದಲು ಚಪ್ಪಟೆ ತಾರಸಿ. ಕಿಟಕಿಗಳ ಮೇಲೆ ಮನೆಯ ಉದ್ದಕ್ಕೂ ಒಂದೇ ಗೆರೆಯಾಗಿ ಓಡುವ ಸಿಮೆಂಟಿನ ಚಜ್ಜಾ. ಗಾಳಿ ಬರಲು ಗೋಡೆಯಲ್ಲೇ ಜಾಲರಿ. ಅಡುಗೆಮನೆಯಲ್ಲಿ ನಿಂತುಕೊಂಡು ಅಡುಗೆ ಮಾಡುವ ಕಟ್ಟೆ. ಕಕ್ಕಸು ಮನೆಯ ಒಳಗೇ. ಕಾರ್ಕಳ, ಕಾಪು ಕಡೆಯಿಂದೆಲ್ಲ ಜನ ನೋಡಲು ಬಂದು, ಕಟ್ಟೆ ಕಂಡು ಬೆರಗಾಗಿ, ಕಕ್ಕಸು ಕಂಡು ನಗಾಡಿಕೊಂಡು ಹಿಂದೆ ಹೋಗಿದ್ದರಂತೆ.

ನನ್ನ ಅಮ್ಮನೂ ಹೋಗಿದ್ದಳು. ಬುಟ್ಟಿ ಹೊತ್ತುಕೊಂಡೇ ಸಾಲಿನಲ್ಲಿ ನಿಂತವಳಿಗೆ ಬುಟ್ಟಿ ಹೊರಗಿಟ್ಟು ಬಾ ಎಂದರಂತೆ. ಅಷ್ಟು ಕಾಗೆಗಳ ನಡುವೆ ಮೀನು ಬಿಟ್ಟುಹೋಗುವುದು ಹೇಗೆ? ಮೂರನೇ ಮನೆಯ ಹಿಂದಕ್ಕೆ ಹೋಗಿ, ಕಿಟಕಿಯಿಂದ ಇಣುಕಿ, ಅಡುಗೆಮನೆ ಮಾತ್ರ ನೋಡಿ ಬಂದಳು. ನಾನು ಚಿಕ್ಕವನಿದ್ದಾಗ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಊದುಕೊಳವೆ ಊದುತ್ತಾ, “ನಿಂತು ಅಡುಗೆ ಮಾಡುವ ಮನೆ ಒಂದು ಉಂಟು” ಎಂದು ಕಥೆ ಹೇಳುವ ಹಾಗೆ ಹೇಳುತ್ತಿದ್ದಳು.

ನಾನು ನೌಕರಿಗೆ ಸೇರಿದ್ದು ಎಪ್ಪತ್ತರ ದಶಕ ಮುಗಿಯುತ್ತಿರುವಾಗ. ನಮ್ಮ ಕುಟುಂಬದಲ್ಲಿ ಪದವಿ ಎಂಬುದನ್ನು ಮೊದಲು ಕಂಡವನು ನಾನು. ಮೊದಲ ಸಂಬಳ ಬರುವ ಮೊದಲೇ ಕಟಪಾಡಿಯಲ್ಲಿ ಹೆಸರಿನ ಬೋರ್ಡು ಬರೆಸಿ, ಹೆಸರಿಗಿಂತ ಬಿ.ಇ. ಎಂಬ ಅಕ್ಷರ ದೊಡ್ಡದಾಗಿರುವ ಹಾಗೆ ಮಾಡಿಸಿ, ನಮ್ಮ ಮುಳಿಹುಲ್ಲಿನ ಮನೆಯ ಬಾಗಿಲಿಗೆ ಹೊಡೆದಿದ್ದೆ. ಸುಳ್ಳು ಯಾಕೆ ಹೇಳಲಿ, ಈಗಲೂ ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಆ ಹೊತ್ತಿಗೆ ಮಾದರಿ ಮನೆಗಳ ಪೈಕಿ ಮೊದಲನೆಯದು ಖಾಲಿ ಬಿದ್ದಿತ್ತು, ಉಳಿದ ಮೂರರಲ್ಲಿ ಬಾಡಿಗೆಯ ಸಂಸಾರಗಳಿದ್ದವು. ಮಳೆಗಾಲದಲ್ಲಿ ಮೂರೂ ಮನೆಯಲ್ಲಿ ಸೋರುವ ನೀರಿಗೆ ಪಾತ್ರೆ ಎಷ್ಟು ಇಟ್ಟರೂ ಸಾಲುತ್ತಿರಲಿಲ್ಲ. ಅವನ್ನು ಕೆಡವಿ ನಾಲ್ಕು ಮಹಡಿಯ ಕ್ವಾರ್ಟರ್ಸ್ ಕಟ್ಟುವುದೆಂದು ಮೇಲಿನವರು ಯೋಚಿಸಿದ್ದರು. ವರದಿ ಬರೆಯಲು ನನ್ನನ್ನು ಕಳಿಸಿದರು. ನಾನು ಕೋಣೆಕೋಣೆ ನೋಡಿ, ಸೀಲಿಂಗಿಗೆ ಟಾರ್ಚು ಬಿಟ್ಟು, “ದುರಸ್ತಿಗೆ ಯೋಗ್ಯವಲ್ಲ” ಎಂದು ಬರೆದು ಕೊಟ್ಟೆ. ಅದು ನನ್ನ ಮೊದಲ ವರದಿ. ಅಕ್ಷರ ಮುತ್ತಿನ ಹಾಗಿತ್ತು.

ಒಂದು ವಾರದಲ್ಲಿ, ಕೆಡವುವ ಸುದ್ದಿ ಕೇಳಿ, ಪೊರ್ಬುಗಳು ಕಚೇರಿಗೆ ಬಂದರು. ಬಟ್ಟೆಚೀಲದಿಂದ ಎಣ್ಣೆಬಟ್ಟೆಯಲ್ಲಿ ಸುತ್ತಿದ ಒಂದು ಸುರುಳಿ ತೆಗೆದು ನನ್ನ ಮೇಜಿನ ಮೇಲೆ ಬಿಡಿಸಿದರು. ಆ ಮನೆಗಳ ಮೂಲ ನಕ್ಷೆ, ನೀಲಿ ಬಣ್ಣ ಇನ್ನೂ ಮಾಸಿರಲಿಲ್ಲ. ಮೇಸ್ತ್ರಿಯಾಗಿ ಅವರು ತಮ್ಮ ಕೈಯಿಂದ ಎಬ್ಬಿಸಿದ ಮೊದಲ ಕಟ್ಟಡ ಅದು.

“ವರದಿ ಬರೆದ ಬಿ.ಇ.ಯವರು ನೀವಾ?”

ಹೌದು ಎಂದೆ.

“ಮನೆಯ ಹಿಂದೆ ಮೆಟ್ಟಿಲು ಉಂಟಲ್ಲ, ತಾರಸಿ ಹತ್ತಿದ್ದೀರಾ?”

ಹತ್ತಿರಲಿಲ್ಲ. ಮೆಟ್ಟಿಲಿಗೆ ಪಾಚಿ ಕಟ್ಟಿತ್ತು, ನನ್ನದು ಹೊಸ ಇಸ್ತ್ರಿಯ ಪ್ಯಾಂಟು. ಇಲ್ಲ ಎಂದೆ. ಅವರು, “ತಲೆನೋವು ಅಂತ ಬಂದವನ ಕಾಲು ಮಾತ್ರ ನೋಡಿ ಮದ್ದು ಬರೆದ ಹಾಗಾಯಿತು ಅಲ್ವಾ,” ಎಂದರು. ಕೋಪದಿಂದ ಅಲ್ಲ, ನಗುತ್ತಾ. ಕೋಪದಿಂದ ಹೇಳಿದ್ದರೆ ನಾನೂ ಜಗಳಾಡಿ ತಪ್ಪಿಸಿಕೊಳ್ಳುತ್ತಿದ್ದೆ. ನಕ್ಕದ್ದರಿಂದ ಮರುದಿನ ಹಳೆ ಪ್ಯಾಂಟು ಹಾಕಿಕೊಂಡು ಹೋಗಬೇಕಾಯಿತು.

ಮೂರನೇ ಮನೆಯ ತಾರಸಿಯ ಅಂಚಿನಲ್ಲಿ ಕೂತು ಪೊರ್ಬುಗಳು ಕಿಸೆಯಿಂದ ಗೋಲಿ ತೆಗೆದರು. ಯಾರ ಮನೆಗೆ ಹೋದರೂ ಅವರ ಮೊದಲ ಕೆಲಸ ಅದೇ ಎಂದು ನನಗೆ ಆಮೇಲೆ ಗೊತ್ತಾಯಿತು. ಮದುವೆಯ ಊಟಕ್ಕೆ ಹೋದಲ್ಲೂ ನೆಲಕ್ಕೆ ಗೋಲಿ ಬಿಟ್ಟು ಅದು ಯಾವ ಕಡೆ ಹೋಗುತ್ತದೆ ಎಂದು ನೋಡುತ್ತಿದ್ದರು. ತಾರಸಿಯಲ್ಲಿ ನೀರು ಅಂಚಿನ ಕೊಳವೆಗಳ ಕಡೆ ಇಳಿಯಬೇಕು, ಹಾಗಾಗಿ ಗೋಲಿಯೂ ಅಂಚಿಗೆ ಹೋಗಬೇಕು. ಅವರು ಅಂಚಿನಲ್ಲೇ ಬಿಟ್ಟರು. ಅದು ನಿಧಾನವಾಗಿ, ಮನೆ ನೆನಪಾದವರ ಹಾಗೆ, ನಡುವಿಗೆ ಉರುಳಿ ಬಂದು ನಿಂತಿತು.

“ನೋಡಿದಿರಾ? ಇದು ತಾರಸಿಯಲ್ಲ ಮಾರಾಯ್ರೆ, ಬಟ್ಟಲು.”

ಕತ್ತಿಯ ಮೊನೆಯಿಂದ ಕೆರೆದರು. ಮೇಲೆ ಸಿಮೆಂಟಿನ ತೆಳು ಪದರ, ಅದರ ಕೆಳಗೆ ಕೆಮ್ಮಣ್ಣು, ಸೆಗಣಿ. ಅದರ ಕೆಳಗೆ ಮತ್ತೆ ಸಿಮೆಂಟು, ಮತ್ತೆ ಸೆಗಣಿ. ಅಂಚಿಗೆ ಹೋಗಿ ನೀರಿನ ಕೊಳವೆಗೆ ಕೈ ಹಾಕಿದರೆ ಬಂದದ್ದು ತೆಂಗಿನ ಸಿಪ್ಪೆ. ಎಲ್ಲ ಕೊಳವೆಗಳಿಗೂ ಗಟ್ಟಿಯಾಗಿ ಸಿಪ್ಪೆ ತುರುಕಿತ್ತು.

ಅಷ್ಟರಲ್ಲಿ ಆ ಮನೆಯ ಟೀಚರಮ್ಮ ಮೆಟ್ಟಿಲು ಹತ್ತಿ ಬಂದರು. ನಿವೃತ್ತ ಕನ್ನಡ ಟೀಚರು, ಇಪ್ಪತ್ತು ವರ್ಷದಿಂದ ಅಲ್ಲಿದ್ದವರು. ಅವರು ವಿವರಿಸಿದ ಮೇಲೆ ಎಲ್ಲ ತಿಳಿಯಿತು. ಮಳೆ ನಿಂತ ಕೂಡಲೇ ಪ್ರತಿ ವರ್ಷ ಮೂರೂ ಮನೆಯವರು ತಾರಸಿಯ ತಗ್ಗಿದ ಅಂಚುಗಳಿಗೆ ಕೆಮ್ಮಣ್ಣು ತುಂಬಿ, ಸೆಗಣಿ ಸಾರಿಸಿ, ಅಂಗಳ ಮಾಡುತ್ತಿದ್ದರು. ಅಂಗಳವಿಲ್ಲದೆ ಭತ್ತ ಒಣಗಿಸುವುದು ಎಲ್ಲಿ, ಹಲಸಿನ ಹಪ್ಪಳ ಹಾಕುವುದು ಎಲ್ಲಿ? ಕೊಳವೆಯಿಂದ ಭತ್ತ ಕೆಳಗೆ ಸುರಿಯಬಾರದೆಂದು ಸಿಪ್ಪೆ. ಮಳೆಗಾಲದ ಸೋರಿಕೆಯ ದೂರಿಗೆ ಬೇಸಿಗೆಯಲ್ಲಿ ನಮ್ಮ ಕಚೇರಿಯ ಜನ ಬಂದು, ಸೆಗಣಿಯನ್ನು ಕೆರೆಯದೆ ಅದರ ಮೇಲೆಯೇ ಸಿಮೆಂಟು ಬಳಿದು ಹೋಗುತ್ತಿದ್ದರು. ಇಪ್ಪತ್ತು ವರ್ಷ ಇಬ್ಬರೂ ಸೇರಿ ಬಟ್ಟಲು ಕಟ್ಟಿದ್ದರು.

ಟೀಚರಮ್ಮನ ಮುಖ ಸಣ್ಣದಾಯಿತು. “ಹಾಗಾದರೆ ನಾನು ಶುದ್ಧ ಮಾಡಿ ಸಾರಿಸಿದ್ದೇ ತಪ್ಪಾ?”

ಪೊರ್ಬುಗಳು ಗೋಲಿಯನ್ನು ಎತ್ತಿ ಕಿಸೆಗೆ ಹಾಕಿದರು. “ತಪ್ಪು ನಮ್ಮದು ಅಮ್ಮ. ಎಲ್ಲ ಕೊಟ್ಟೆವು, ಕಕ್ಕಸು ಸಹ ಒಳಗೆ ಕೊಟ್ಟೆವು. ಅಂಗಳ ಕೊಡಲು ಮರೆತೆವು.”

ಐದನೇ ಕ್ಲಾಸಿನವರ ಆ ಒಂದು ಮಾತು ನನ್ನ ವರದಿಯನ್ನು ಹರಿದು ಹಾಕಿತು. ಸಾಹೇಬರ ಹತ್ತಿರ ಹೋಗಿ ನನ್ನ ವರದಿ ತಪ್ಪು ಎಂದು ಇನ್ನೊಂದು ವರದಿ ಬರೆದುಕೊಟ್ಟೆ. ಅವರು ಕನ್ನಡಕದ ಮೇಲಿನಿಂದ ನೋಡಿ, ನೌಕರಿಗೆ ಸೇರಿ ಆರು ತಿಂಗಳಿಗೇ ಹೀಗೆ ಹೇಳುವವರನ್ನು ತಾನು ಕಂಡಿಲ್ಲ ಎಂದರು. ಪೊರ್ಬುಗಳು ಮೂರು ಸಲ ಬಂದು ಹೋದ ಮೇಲೆ, ಬಿಡಿಸಿಕೊಳ್ಳಲಿಕ್ಕೋ ಏನೋ, ಸಾಹೇಬರು ಒಂದು ಷರತ್ತು ಹಾಕಿದರು. ಸರಕಾರದಿಂದ ಸಾಮಗ್ರಿಗೆ ಒಂದು ಕಾಸೂ ಇಲ್ಲ. ಆಗಸ್ಟ್ ಹದಿನೈದರವರೆಗೆ ಒಂದು ಹನಿ ಸೋರಬಾರದು. ಸೋರಿದರೆ ಮನೆಗಳನ್ನು ಕೆಡವುವುದೇ. ಸೋರದಿದ್ದರೆ ವಾಸಕ್ಕೆ ಯೋಗ್ಯ ಎಂಬ ಪ್ರಮಾಣಪತ್ರ, ಕೆಳಗೆ ಪದವೀಧರ ಇಂಜಿನಿಯರನ ಸಹಿ. “ಅಂದ್ರೆ ನಿಮ್ಮದು. ಸೋರಿದ್ರೆ ನಿಮ್ಮ ಎರಡು ವರದಿನೂ ಮೇಲಕ್ಕೆ ಕಳಿಸ್ತೀನಿ, ಯಾವುದು ಸುಳ್ಳು ಅಂತ ಅವರೇ ಕೇಳ್ಲಿ.”

ಅಮ್ಮ ಬುಟ್ಟಿ ಹೊತ್ತು ತಂದ ಎರಡು ಅಕ್ಷರಗಳು ಈಗ ನಾಲ್ಕು ತಾರಸಿಗಳ ಮೇಲೆ ಕೂತಿದ್ದವು. ಪೊರ್ಬುಗಳು ಮಾತ್ರ ನಮ್ಮ ಕಡೆಯ ಲೆಕ್ಕದಲ್ಲಿ, “ಆಟಿ ತಿಂಗಳು ಮುಗಿಯುವವರೆಗೆ ಅಂತ ಆಯಿತು. ಸಾಕು,” ಎಂದರು.

ಮೊದಲು ಸಾಮಗ್ರಿ ಬೇಕು. ಹೊಳೆಬದಿಯ ಒಂದು ಹೆಂಚಿನ ಕಾರ್ಖಾನೆಯ ಧಣಿಯ ಹತ್ತಿರ ಹೋದೆವು. ಧಣಿ ಕೇಳಿದ್ದರಲ್ಲಿ ತಪ್ಪಿಲ್ಲ. ನನ್ನ ಹೆಂಚು ಬೇಡ ಎಂದು ಕಟ್ಟಿದ ಮನೆಗೆ ನಾನು ಹೆಂಚು ಕೊಡಬೇಕಾ ಎಂದರು. ಪೊರ್ಬುಗಳಿಗೆ ಬೇಕಾದದ್ದು ತಾರಸಿಯ ಮೇಲೆ ಹಾಸುವ ಚಪ್ಪಟೆ ಹೆಂಚು ಮತ್ತು ಇಟ್ಟಿಗೆಯ ಚೂರು. ಕೊಡೆಯನ್ನು ಕಾಲರಿನಿಂದ ತೆಗೆದು ಪಕ್ಕಕ್ಕಿಟ್ಟರು. ಅವರು ಕೊಡೆ ಕೆಳಗಿಟ್ಟರೆ ಮಾತು ಉದ್ದ ಹೋಗುತ್ತದೆ ಎಂದು ಅರ್ಥ.

“ಧಣಿಗಳೇ, ನಿಮ್ಮ ಮೊಮ್ಮಕ್ಕಳು ಎಂತ ಮನೆ ಕಟ್ಟುವುದು? ತಾರಸಿಯೇ. ಆಗ ನಿಮ್ಮ ಹೆಂಚು ಮಾಡಿನಿಂದ ಇಳಿದು ಎಲ್ಲಿಗೆ ಹೋಗಬೇಕು ಅಂತ ಈಗಲೇ ನೋಡಿಕೊಳ್ಳುವುದು ಒಳ್ಳೆಯದಲ್ವಾ?”

ಧಣಿ ಬಹಳ ಹೊತ್ತು ನಕ್ಕರು. ಖಾಲಿ ಇರುವ ಮೊದಲ ಮನೆಯನ್ನು ಹಿಂದಿನ ಹಾಗೆ ಮಾದರಿ ಮನೆಯಾಗಿಯೇ ಇಟ್ಟು, ಭಾನುವಾರ ಜನರಿಗೆ ತೆರೆದು ತೋರಿಸುವುದಾದರೆ ಕೊಡುತ್ತೇನೆ ಎಂದರು. ಹಾಗೆ ಒಂದು ಹಾಳೆಯ ಒಪ್ಪಂದವಾಯಿತು. ಟೀಚರಮ್ಮನ ದುಂಡು ಅಕ್ಷರ. ಮನೆ ಸರಕಾರದ್ದೇ, ಸೋರದಿದ್ದರೆ ಕೆಡವುವಂತಿಲ್ಲ, ಹೆಂಚು, ಇಟ್ಟಿಗೆ ಧಣಿಯದ್ದು, ಕೈಕೆಲಸ ಬಾಡಿಗೆಯವರದ್ದು, ಕೊಳವೆಗೆ ಸಿಪ್ಪೆ ತುರುಕುವಂತಿಲ್ಲ. ಕೊನೆಯ ಸಾಲು ಪೊರ್ಬುಗಳು ಹೇಳಿ ಬರೆಸಿದ್ದು: ಮನೆಗಳ ಮುಂದಿನ ಖಾಲಿ ಜಾಗದಲ್ಲಿ ನಾಲ್ಕೂ ಮನೆಗೆ ಸೇರಿ ಒಂದು ಅಂಗಳ. ಅಂಗಳ ನಕ್ಷೆಯಲ್ಲಿ ಇಲ್ಲವಲ್ಲ ಎಂದು ಸಾಹೇಬರು ತಕರಾರು ತೆಗೆದರು. ನಾನು ಕಡತದಲ್ಲಿ “ಸಾಮಗ್ರಿ ಇಡುವ ಕಟ್ಟೆ” ಎಂದು ಬರೆದೆ. ಓದಿದವನಿಂದ ಅಷ್ಟಾದರೂ ಪ್ರಯೋಜನ ಬೇಡವಾ?

ಅಂಗಡಿಯ ಸುಣ್ಣ ಪೊರ್ಬುಗಳಿಗೆ ಆಗದು, ಚಿಪ್ಪಿನ ಸುಣ್ಣವೇ ಬೇಕು. ಉಚ್ಚಿಲದಲ್ಲಿ ನಮ್ಮ ಹಿತ್ತಲಿನಲ್ಲಿ ಮರುವಾಯಿ ತಿಂದು ಎಸೆದ ಚಿಪ್ಪು ರಾಶಿ ಬಿದ್ದಿರುವುದು ನನಗೆ ಗೊತ್ತಿತ್ತು, ಆದರೆ ಕಚೇರಿಯವರ ಎದುರು ಬಾಯಿಬಿಡಲು ಒಂದು ಥರ. ಕೊನೆಗೆ ಹೇಳಿದೆ. ಅಷ್ಟು ಚಿಪ್ಪು ಒಟ್ಟಾಗುವುದಿಲ್ಲ ಎಂದಳು ಅಮ್ಮ. ಮೂರನೇ ದಿನ ನೆರೆಕರೆಯ ಹೆಂಗಸರ ಜೊತೆ ಗೋಣಿಗಳ ಮೇಲೆ ಕೂತು ಲಾರಿಯಲ್ಲಿ ಬಂದಿಳಿದಳು. ಚಿಪ್ಪು ಸುಣ್ಣದ ಗೂಡಿಗೆ ಹೋಗಿ ಬೆಂದು ಬಂತು.

ಮರಳು ಬಂದಾಗ ಪೊರ್ಬುಗಳು ಒಂದು ಚಿಟಿಕೆ ನಾಲಗೆಗೆ ಇಡುತ್ತಿದ್ದರು. ಕಡಲ ಮರಳಾದರೆ ಉಪ್ಪು. ಉಪ್ಪಿದ್ದರೆ ಲಾರಿ ಹಾಗೆಯೇ ವಾಪಸ್ಸು. ನಾನು ಕಾಲೇಜಿನಲ್ಲಿ ಕಲಿತ, ಮರಳು ತೊಳೆದ ನೀರಿಗೆ ಸಿಲ್ವರ್ ನೈಟ್ರೇಟ್ ಹನಿಸಿ ಉಪ್ಪು ಹುಡುಕುವ ಪರೀಕ್ಷೆ ತೋರಿಸಿದೆ. ಆಸಕ್ತಿಯಿಂದ ಪೂರ್ತಿ ನೋಡಿ, “ಇದೂ ಒಳ್ಳೆಯದು, ನಾಲಗೆಗೆ ಜ್ವರ ಬಂದ ದಿನಕ್ಕೆ ಆಗುತ್ತದೆ,” ಎಂದರು. ಆ ದಿನವೇ ನನಗೊಂದು ಗೋಲಿ ಕೊಟ್ಟದ್ದು. ದೊಡ್ಡ ಉಡುಗೊರೆ ಎಂದು ತಿಳಿದು ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡೆ. ಅವರ ಚೀಲದಲ್ಲಿ ಒಂದು ಡಬ್ಬಿ ತುಂಬ ಗೋಲಿ ಇದ್ದದ್ದು ಮರುದಿನ ಕಂಡೆ.

ಹಳೆಯ ಪದರಗಳನ್ನೆಲ್ಲ ಕಿತ್ತು, ಇಟ್ಟಿಗೆ ಚೂರು ಮತ್ತು ಸುಣ್ಣದ ಗಾರೆ ಹರಡಿ, ಬೆಲ್ಲದ ನೀರು ಚಿಮುಕಿಸಿ, ಮರದ ಕೊಡತಿಯಿಂದ ಬಡಿಯುವ ಕೆಲಸ. ಬಜಗೋಳಿ ಕಡೆಯ ನಾಲ್ಕು ಹೆಂಗಸರಿಗೆ ಅದು ಗೊತ್ತಿತ್ತು. ಅವರಿಂದ ಮೂರು ಮನೆಯವರೂ ಕಲಿತರು. ಟೀಚರಮ್ಮ ಸೆರಗು ಸಿಕ್ಕಿಸಿ ಬಡಿಯುವುದು ನೋಡಬೇಕಿತ್ತು, ತಪ್ಪು ಕಾಗುಣಿತ ಬರೆದವರೆಲ್ಲ ಆ ತಾರಸಿಯಲ್ಲೇ ಮಲಗಿದ್ದಾರೆ ಎಂಬ ಹಾಗೆ. ಬೆಲ್ಲಕ್ಕೆ ಉಡುಪಿಯ ಇರುವೆಗಳೆಲ್ಲ ಬಂದವು. ಕಡತದಲ್ಲಿ ಬೆಲ್ಲ ಅಂತ ಬರೆಯೋದು ಹೇಗ್ರೀ ಎಂದು ಸಾಹೇಬರಿಗೆ ಚಿಂತೆ. ಗಾರೆ ಗಟ್ಟಿಯಾದ ಮೇಲೆ ಹೆಂಚು ಹಾಸಿ, ಪೊರ್ಬುಗಳು ತಾರಸಿಯ ನಡುವಿನಿಂದ ಗೋಲಿ ಬಿಟ್ಟರು. ಅದು ನೇರ ಅಂಚಿಗೆ ಹೋಗಿ, ಕೊಳವೆಗೆ ಇಳಿದು, ಕೆಳಗಿನ ಹೊಸ ಅಂಗಳದಲ್ಲಿ ಟಣ್ ಎಂದಿತು. ನಾಲ್ಕೂ ಮನೆಯಲ್ಲಿ ಹಾಗೆಯೇ.

ಆ ಮಳೆಗಾಲ ನಾನು ತೂಕ ಇಳಿದೆ. ರಪರಪ ಮಳೆ ಶುರುವಾದರೆ ಸಾಕು, ಸೈಕಲ್ಲು ತುಳಿದುಕೊಂಡು ಹೋಗಿ ಸೀಲಿಂಗು ನೋಡುತ್ತಾ ನಿಲ್ಲುತ್ತಿದ್ದೆ. ಟೀಚರಮ್ಮ ಚಹಾ ಕೊಟ್ಟರೆ ಮೇಲೆ ನೋಡಿಕೊಂಡೇ ಕುಡಿಯುತ್ತಿದ್ದೆ. ಜೂನ್ ಹೋಯಿತು, ಜುಲೈ ಹೋಯಿತು, ಒಂದು ಹನಿ ಇಲ್ಲ.

ತಪಾಸಣೆಯ ದಿನವೂ ಬೆಳಗ್ಗಿನಿಂದ ಸುರಿಯುತ್ತಿತ್ತು. ಭಾನುವಾರ ತೆರೆಯಬೇಕಾದ ಮೊದಲ ಮನೆ ನೋಡಿಕೊಂಡು ಸಾಹೇಬರು ಮೂರನೇ ಮನೆಗೆ ಬಂದರು. ಅಮ್ಮನೂ ಬಂದಿದ್ದಳು, ಎಲ್ಲ ಮುಗಿಯಿತು ಎಂದು ಹೇಳಲು ಯಾರಾದರೂ ಬೇಕಲ್ಲ. ಸಾಹೇಬರು ಅಡುಗೆಮನೆಗೆ ಕಾಲಿಟ್ಟು ತಲೆಯೆತ್ತಿ ನಿಂತುಬಿಟ್ಟರು. ಮೂಲೆಯ ಸಿಮೆಂಟಿನ ಅಟ್ಟದ ಅಡಿಯಲ್ಲಿ ಅಂಗೈ ಅಗಲದ ಒದ್ದೆ. ನಾವು ನೋಡುತ್ತಿದ್ದ ಹಾಗೆಯೇ ಒಂದು ಹನಿ ಕಟ್ಟಿ, ತೂಗಿ, ಬಿತ್ತು.

ಸಾಹೇಬರು ಪೆನ್ನಿಗೆ ಟೊಪ್ಪಿ ಹಾಕಿದರು. ಪೊರ್ಬುಗಳು ಸ್ಟೂಲು ಎಳೆದು, ಹತ್ತಿ, ಆ ಒದ್ದೆಯನ್ನು ಬೆರಳಿಂದ ಒರೆಸಿ, ಮರಳಿನ ಹಾಗೆಯೇ ನಾಲಗೆಗೆ ಇಟ್ಟರು. ಕಣ್ಣು ಮುಚ್ಚಿದರು. ಆಮೇಲೆ ನನ್ನ ಕಡೆ ತಿರುಗಿ, ಮೊದಲ ಸಲ ಬಿ.ಇ.ಯವರೇ ಎನ್ನದೆ, ತಮ್ಮ ಮಗನನ್ನು ಕರೆಯುವ ಹಾಗೆ ಕರೆದರು.

“ಪುತಾ, ಮಳೆಗೆ ಉಪ್ಪಿಲ್ಲ. ಇದಕ್ಕೆ ಉಂಟು.”

ಟೀಚರಮ್ಮ “ಅಯ್ಯೋ ನನ್ನ ಸೋಳೆ” ಎಂದು ಅಟ್ಟದ ಕಡೆ ಓಡಿದರು. ಆಟಿಯಲ್ಲಿ ಪಲ್ಯಕ್ಕೆಂದು ಬೇಸಿಗೆಯಲ್ಲಿ ಹಲಸಿನ ಸೋಳೆಯನ್ನು ಉಪ್ಪುನೀರಿಗೆ ಹಾಕಿ ಇಟ್ಟ ಭರಣಿ ಅದರ ಮೇಲಿತ್ತು. ಭರಣಿಯ ಬುಡ ಬಿರುಕು ಬಿಟ್ಟಿತ್ತು. ಅಟ್ಟದ ಮೇಲಿನ ಸೀಲಿಂಗು ಒಣಗಿದ ಎಲೆಯ ಹಾಗೆ ಗರಿಗರಿ.

ಸಾಹೇಬರು ನಂಬಲಿಲ್ಲ. ಬೆರಳಿಂದ ಮುಟ್ಟಿದರು, ಯಾರೂ ನೋಡುತ್ತಿಲ್ಲ ಎಂದು ಖಾತ್ರಿ ಮಾಡಿಕೊಂಡು ನಾಲಗೆಗೆ ತಾಗಿಸಿದರು. ನಾನು ನೋಡಿದೆ. ಪೆನ್ನಿನ ಟೊಪ್ಪಿ ತೆಗೆದರು.

ಪ್ರಮಾಣಪತ್ರವನ್ನು ಅದೇ ಅಡುಗೆಮನೆಯ ಕಟ್ಟೆಯ ಮೇಲೆ ಬರೆದೆ. ಕೆಲಸ ಮಾಡಿಸಿದವರು ಎಂಬಲ್ಲಿ ಪೊರ್ಬುಗಳ ಪೂರ್ತಿ ಹೆಸರು, ಅದರ ಕೆಳಗೆ ನನ್ನ ಸಹಿ, ಬಿ.ಇ. ಎಂದು ಸಣ್ಣದಾಗಿ. ಸಾಹೇಬರು ಅದನ್ನು ಎರಡು ಸಲ ಓದಿ, ಪೊರ್ಬುಗಳ ಕೈಗೆ ಕೊಟ್ಟರು. ಅವರು ಅಂಗಿಗೆ ಕೈ ಒರೆಸಿಕೊಂಡು ತೆಗೆದುಕೊಂಡರು. ಹೆಸರಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ನಿಂತು, ಆಮೇಲೆ ಎಲ್ಲರನ್ನೂ ಬಿಟ್ಟು ನನ್ನ ಅಮ್ಮನ ಕೈಗೆ ದಾಟಿಸಿದರು, ನೀವೂ ಒಮ್ಮೆ ಹಿಡಿದುಕೊಳ್ಳಿ ಎಂಬಂತೆ.

ಅಮ್ಮನಿಗೆ ಓದಲು ಬರುವುದಿಲ್ಲ. ನನ್ನ ಹೆಸರು ಎಲ್ಲಿ, ಪೊರ್ಬುಗಳದ್ದು ಎಲ್ಲಿ ಎಂದು ಕೇಳಿದಳು. ತೋರಿಸಿದೆ. ಅವರದ್ದು ಮೇಲೆ ಇರುವುದು ನೋಡಿ ತಲೆಯಾಡಿಸಿ ಕಾಗದ ಹಿಂದೆ ಕೊಟ್ಟಳು. ಮತ್ತೆ ಆ ಕಟ್ಟೆಯ ಹತ್ತಿರ ಹೋಗಿ, ಎರಡೂ ಅಂಗೈ ಊರಿ, ಹೊರಗಿನಿಂದ ಒಮ್ಮೆ ಇಣುಕಿದ್ದ ಕಿಟಕಿಯನ್ನು ಒಳಗಿನಿಂದ ನೋಡುತ್ತಾ ನಿಂತಳು.

“ನಮ್ಮ ಮನೆಗೂ ಇಂಥದ್ದೊಂದು ಕಟ್ಟೆ ಮಾಡಿಸು ಮಗಾ,” ಎಂದಳು. “ಇಷ್ಟು ಎತ್ತರ ಬೇಡ.”